ವಾರಕ್ಕೊಂದು ಅರ್ಧ ಸುತ್ತು

ಬಾಗೂರಿನ ದೇವರಾಜು ಮತ್ತು ಅವನ ತಮ್ಮ ಪುಟ್ಟರಾಜು ಪಾಲಾದ ದಿನ, ಹೊಲಗದ್ದೆ, ತೆಂಗಿನ ತೋಟ, ದನಕರುಗಳಿಂದ ಹಿಡಿದು ಹಂಡೆ ಕೊಳಗದವರೆಗೆ ಎಲ್ಲವೂ ಮಧ್ಯಾಹ್ನದ ಊಟದ ಹೊತ್ತಿಗೆ ಹಂಚಿ ಮುಗಿದಿತ್ತು. ಪಂಚಾಯಿತಿ ಮಾಡಲು ಅರಕಲಗೂಡಿನಿಂದ ಬಂದಿದ್ದ ಸೋದರಮಾವ ಎಲೆಯಡಿಕೆ ಹಾಕಿಕೊಂಡು, ಇಷ್ಟು ಸಲೀಸಾಗಿ ಮುಗಿಯುತ್ತದೆಂದು ತಾನು ಅಂದುಕೊಂಡಿರಲಿಲ್ಲ ಎಂದ. ಅವನ ಅಕ್ಕ, ಅಂದರೆ ಈ ಇಬ್ಬರ ತಾಯಿ ಬೆಟ್ಟಮ್ಮ, ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಅವಳು ಅಂಗಳದಾಚೆಯ ಕೊಟ್ಟಿಗೆಯ ಕಡೆ ಕೈ ತೋರಿಸಿ, "ಅದು?" ಎಂದಳು.

ಕೊಟ್ಟಿಗೆಯಲ್ಲಿ ಕಾರು ನಿಂತಿತ್ತು.

ಹಸಿರು ಬಣ್ಣದ ಲ್ಯಾಂಡ್‌ಮಾಸ್ಟರ್. ಬೆಟ್ಟಮ್ಮನ ಗಂಡ ಚಿಕ್ಕಯ್ಯ ಆಲೂಗಡ್ಡೆಗೂ ಕೊಬ್ಬರಿಗೂ ಒಟ್ಟಿಗೆ ಒಳ್ಳೆಯ ಬೆಲೆ ಬಂದ ವರ್ಷ ಮೈಸೂರಿಗೆ ಹೋಗಿ ತಂದದ್ದು. ಬಾಗೂರಿಗೆ ಅದೊಂದೇ ಕಾರು. ತಂದ ದಿನ ಹೂವಿನ ಹಾರ ಹಾಕಿ, ಊರಿನ ಮಕ್ಕಳನ್ನೆಲ್ಲ ಸರದಿಯಂತೆ ಕೂರಿಸಿಕೊಂಡು ಕೆರೆ ಏರಿಯವರೆಗೆ ಸುತ್ತಿಸಿಕೊಂಡು ಬಂದಿದ್ದ. ಈಗ ಆ ಚಿಕ್ಕಯ್ಯ ಇರಲಿಲ್ಲ. ಅಣ್ಣತಮ್ಮಂದಿರ ನಡುವೆ ಮಾತು ನಿಂತುಹೋದದ್ದು ಆ ಕಾರಿನ ದೆಸೆಯಿಂದಲೇ.

ನಡೆದದ್ದು ಹೀಗೆ. ಹಿಂದಿನ ವರ್ಷದ, ಎಂದರೆ ಸಾವಿರದ ಒಂಬೈನೂರ ಐವತ್ತೇಳರ ಕಾರ್ತೀಕದಲ್ಲಿ ಒಂದು ದಿನ ಚಿಕ್ಕಯ್ಯ ರಾಗಿ ಹೊಲದ ಬದುವಿನಲ್ಲಿ ನಿಂತಿದ್ದವನು ಎದೆ ಹಿಡಿದುಕೊಂಡು ಕುಸಿದ. ದೇವರಾಜು ಮನೆಗೆ ಓಡಿಬಂದರೆ ಕೊಟ್ಟಿಗೆ ಬರಿದಾಗಿತ್ತು. ಪುಟ್ಟರಾಜು ಬೆಳಿಗ್ಗೆಯೇ ಕಾರು ತೆಗೆದುಕೊಂಡು ಹೊಳೆನರಸೀಪುರದ ಕಡೆ ಹೋಗಿದ್ದ. ಏಕೆ ಹೋಗಿದ್ದನೆಂದು ಯಾರಿಗೂ ಗೊತ್ತಿರಲಿಲ್ಲ. ಎತ್ತಿನ ಗಾಡಿಗೆ ಹುಲ್ಲು ಹಾಸಿ, ಅಪ್ಪನನ್ನು ಮಲಗಿಸಿಕೊಂಡು ದೇವರಾಜು ಚನ್ನರಾಯಪಟ್ಟಣದ ಆಸ್ಪತ್ರೆಗೆ ಹೊರಟ. ಗಾಡಿ ಅರ್ಧ ದಾರಿ ಮುಟ್ಟುವ ಮೊದಲೇ ಚಿಕ್ಕಯ್ಯನ ಉಸಿರು ನಿಂತಿತು. ಸಂಜೆ ಪುಟ್ಟರಾಜು ಎಂದಿನಂತೆ ಊರ ತಿರುವಿನಲ್ಲಿ ಹಾರನ್ ಹೊಡೆಯುತ್ತ ಬಂದಾಗ ಮನೆಯ ಮುಂದೆ ಜನ ಸೇರಿತ್ತು. ಅಷ್ಟೂ ಜನರ ಮುಂದೆ ದೇವರಾಜು, "ಕಾರ್ನಾಗೆ ಮೆರ್ಯಕ್ಕೆ ಓಗಿದ್ದೇನ್ಲಾ? ಅಪ್ಪನ್ನ ಗಾಡೀಲಿ ಸಾಯಂಗೆ ಮಾಡ್ಬುಟ್ಟಲ್ಲೋ" ಎಂದ. ಪುಟ್ಟರಾಜು ಕಾರನ್ನು ಕೊಟ್ಟಿಗೆಗೆ ಬಿಟ್ಟು, ಬೀಗದಕೈಯನ್ನು ತಾಯಿಯ ಮುಂದಿಟ್ಟು ಒಳಗೆ ಹೋದ. ಅಲ್ಲಿಂದ ಈಚೆಗೆ ಅಣ್ಣನೂ ತಮ್ಮನೂ ಮಾತಾಡಿರಲಿಲ್ಲ.

ಹಾಗಾಗಿ ಪಾಲಿನ ದಿನ ಕಾರಿನ ಮಾತು ಬಂದಾಗ ದೇವರಾಜು ಮುಖ ತಿರುಗಿಸಿ, "ನಾನಂತೂ ಅದ್ರಾಗೆ ಕೂರಕಿಲ್ಲ. ನಂಗೆ ಬ್ಯಾಡ" ಎಂದ.

"ನಂಗೂ ಬ್ಯಾಡ" ಎಂದ ಪುಟ್ಟರಾಜು. "ಆದ್ರೆ ಅವ್ರಿಗೆ ಓಗೋದೂ ಬ್ಯಾಡ."

"ಅಂಗಾರೆ ಮಾರಾಕನ" ಎಂದ ಮಾವ.

ಬೆಟ್ಟಮ್ಮ ತಲೆ ಅಲ್ಲಾಡಿಸಿದಳು. "ಅವ್ರು ಆಸೆಪಟ್ಟು ತಂದದ್ದು. ವರ್ಸದ ತಿಥಿ ಆಗೋಗಂಟ ಈ ಮನೆ ಬಿಟ್ಟು ಓಗ್ಕೂಡ್ದು. ಆಮ್ಯಾಕೆ ಏನಾರ ಮಾಡ್ಕಳ್ಳಿ."

ಆ ಮಾತಿಗೆ ಯಾರೂ ಎದುರಾಡಲಿಲ್ಲ. ಕಾರು ವರ್ಷದವರೆಗೆ ಕೊಟ್ಟಿಗೆಯಲ್ಲೇ ನಿಲ್ಲುವುದು, ಬೀಗದಕೈ ಬೆಟ್ಟಮ್ಮನ ಹತ್ತಿರ ಇರುವುದು ಎಂದಾಯಿತು. ಮಾವ ಏಳಲು ಹೋದವನು ಮತ್ತೆ ಕೂತ. ಅವನಿಗೆ ಏನೋ ನೆನಪಾಗಿತ್ತು.

"ಅಂಗೆ ಸುಮ್ನೆ ನಿಲ್ಸಿದ್ರೆ ಟೈರು ಓಯ್ತವೆ ಕಣ್ರಪ್ಪ" ಎಂದ. "ಯುದ್ಧದ ಕಾಲದಾಗೆ ಪೆಟ್ರೋಲು ಸಿಗ್ನಿಲ್ಲ ಅಂತ ನನ್ನ ಅಳೇ ಕಾರ್ನ ಉಲ್ಲಿನ ಮನೇಲಿ ನಿಲ್ಸಿದ್ದೆ. ನಿಂತದೆ, ನಿಂತ್ರೇನಾಯ್ತದೆ ಅನ್ಕಂಡೆ. ಯುದ್ಧ ಮುಗುದ್ಮೇಲೆ ಮದ್ವೆ ಹೆಣ್ಣು ಕೂರುಸ್ಕಂಡು ಒಳೆನರ್ಸೀಪುರಕ್ಕೆ ಒಂಟೆ. ಕುಂಟು ಕುದ್ರೆ ಮ್ಯಾಲೆ ಕುಂತಂಗಾಯ್ತು. ದಡ್ ದಡ್ ದಡ್ ದಡ್. ಮದ್ವೆ ಹೆಣ್ಣು ದಾರೀಲೇ ವಾಂತಿ ಮಾಡ್ಕತು. ಇಳ್ದು ನೋಡಿದ್ರೆ ನಾಕು ಟೈರೂ ನೆಲಕ್ಕೆ ತಾಗಿದ್ದ ಕಡೆ ಚಪ್ಪಟೆ ಆಗ್ಬುಟ್ಟವೆ. ಓಡ್ತಾ ಓಡ್ತಾ ಸರಿ ಓಯ್ತದೆ ಅಂದ್ರು. ಎಲ್ಲಿ ಓಯ್ತದೆ? ನಾಕನ್ನೂ ಎಸ್ದೆ."

"ಅದಕ್ಕೆ ಏನ್ಮಾಡ್ಬೇಕು?" ಎಂದಳು ಬೆಟ್ಟಮ್ಮ.

"ವಾರಕ್ಕೊಂದ್ಸಲ ಚೂರು ನೂಕಿ, ಗಾಲಿ ಅರ್ಧ ಸುತ್ತು ತಿರುಗಂಗೆ ಮಾಡ್ಬೇಕು. ಒಂದೇ ಕಡೆ ಭಾರ ಬೀಳ್ಬಾರ್ದು. ಗಾಳೀನೂ ಗಟ್ಟಿಯಾಗಿ ತುಂಬಿರ್ಬೇಕು. ಅಷ್ಟೇಯ."

ಯಾರು ನೂಕುವುದು ಎಂಬ ಪ್ರಶ್ನೆ ಎದ್ದಿತು. ಒಬ್ಬನಿಂದ ಆಗುವ ಕೆಲಸ ಅದಲ್ಲ. ಆಳುಗಳ ಕೈಲಿ ನೂಕಿಸಿದರಾಯಿತು ಎಂದರೆ, ಯಾರ ಆಳು ಎಂಬ ಜಗಳ. ಒಬ್ಬ ನೂಕುವಾಗ ಇನ್ನೊಬ್ಬ ಇರದಿದ್ದರೆ, ಕಾರು ತೆಗೆದುಕೊಂಡು ಹೋದರೆ ಎಂಬ ಅನುಮಾನ ಇಬ್ಬರಿಗೂ ಇತ್ತು. ಕೊನೆಗೆ ಮಾವ ಬೇಸತ್ತು, ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರೂ ಬಂದು ಕೂಡಿ ನೂಕಬೇಕು, ಸ್ಟೇರಿಂಗ್ ಹಿಡಿಯಲು ಬೈರಯ್ಯ ಇರಬೇಕು ಎಂದು ತೀರ್ಮಾನ ಹೇಳಿದ.

ಬೈರಯ್ಯ ಊರ ಕೆಳಗಿನ ಕೇರಿಯವನು. ಮೊದಲ ಎರಡು ವರ್ಷ ಚಿಕ್ಕಯ್ಯನ ಕಾರು ಓಡಿಸಿದ್ದ. ಪುಟ್ಟರಾಜುವಿಗೆ ಡ್ರೈವಿಂಗ್ ಕಲಿಸಿದವನೂ ಅವನೇ. ಈಗ ಚನ್ನರಾಯಪಟ್ಟಣದ ಒಂದು ಅಕ್ಕಿ ಗಿರಣಿಯ ಲಾರಿ ಓಡಿಸುತ್ತ, ಭಾನುವಾರ ಮಾತ್ರ ಊರಿಗೆ ಬರುತ್ತಿದ್ದ. ಇಬ್ಬರಿಗೂ ಬೇಕಾದವನು, ಯಾರ ಕಡೆಗೂ ವಾಲದವನು.

ಮೊದಲ ಭಾನುವಾರ ಬೈರಯ್ಯ ಒಗೆದ ಅಂಗಿ ಹಾಕಿಕೊಂಡು ಬಂದ. ವಿಷಯ ತಿಳಿದು ಹಿಂದಕ್ಕೆ ಸರಿದ.

"ಎಲ್ಲಾರ ಉಂಟಾ ಗೌಡ್ರೆ? ನೀವು ನೂಕೋದು, ನಾನು ಒಳ್ಗೆ ಕುಂತ್ಕಳೋದು? ಊರು ನಗ್ತದೆ."

"ನಗ್ಲಿ. ಅವ್ನು ಕುಂತ್ರೆ ನಾನು ನೂಕಕಿಲ್ಲ" ಎಂದ ದೇವರಾಜು.

"ಅವ್ರು ಕುಂತ್ರೆ ನಾನೂ ನೂಕಕಿಲ್ಲ ಬೈರಯ್ಯ" ಎಂದ ಪುಟ್ಟರಾಜು.

ಬೆಟ್ಟಮ್ಮ ಸೆರಗಿನ ಗಂಟಿನಿಂದ ಬೀಗದಕೈ ಬಿಚ್ಚಿ ಬೈರಯ್ಯನ ಕೈಗೆ ಕೊಟ್ಟು, "ಕೂರಪ್ಪ. ಆ ಯಜಮಾನ್ರ ಮಾತು ಕೇಳಿ ಕುಂತಿರ್ನಿಲ್ವಾ? ಈಗ ನನ್ನ ಮಾತು ಕೇಳು" ಎಂದಳು.

ಬೈರಯ್ಯ ಕೂತ. ಬ್ರೇಕು ಬಿಟ್ಟ. ಅಣ್ಣ ಎಡಗಡೆಯಿಂದ, ತಮ್ಮ ಬಲಗಡೆಯಿಂದ ಕಾರಿನ ಹಿಂಭಾಗಕ್ಕೆ ಕೈಕೊಟ್ಟು, ಒಬ್ಬರ ಮುಖ ಒಬ್ಬರು ನೋಡದೆ ನೂಕಿದರು. ಒಂದು ಕಡೆಯವನು ಮೊದಲು ನೂಕಿದರೆ ಇನ್ನೊಬ್ಬ ತಡ ಮಾಡುತ್ತಿದ್ದ, ಕಾರು ಅಲುಗಾಡಲಿಲ್ಲ. "ಒಟ್ಗೆ, ಒಟ್ಗೆ" ಎಂದು ಬೈರಯ್ಯ ಒಳಗಿನಿಂದ ಸಣ್ಣ ದನಿಯಲ್ಲಿ ಹೇಳಿದ. ಒಟ್ಟಿಗೆ ನೂಕಿದ ಮೇಲೆ ಕಾರು ಕೊಟ್ಟಿಗೆಯ ಬಾಗಿಲವರೆಗೆ ಉರುಳಿ ನಿಂತಿತು. ಬಾವಿಯಿಂದ ನೀರು ತರುತ್ತಿದ್ದ ಹೆಂಗಸರು ಕೊಡ ಇಳಿಸಿ ನಿಂತು ನೋಡಿದರು. ಅವರ ನಡುವೆ ಬೈರಯ್ಯನ ಹೆಂಡತಿ ಮಾಯಮ್ಮನೂ ಇದ್ದಳು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಬೈರಯ್ಯ ಮಾತ್ರ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಅಂಗಳದಾಚೆಯ ಗೋಡೆಯನ್ನೇ ನೋಡುತ್ತ ಕೂತಿದ್ದ.

ದೇವರಾಜು ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು, ಪ್ರತಿ ಟೈರಿನಲ್ಲೂ ನೆಲಕ್ಕೆ ತಾಗಿದ ಜಾಗದ ಮೇಲೆ ಒಂದು ಗೀಟು ಎಳೆದ. ಮುಂದಿನ ವಾರ ಆ ಗೀಟು ಮೇಲಕ್ಕೆ ಬರಬೇಕು. ಪುಟ್ಟರಾಜು ಕಾಲಿನ ಪಂಪು ತಂದು ಗಾಳಿ ತುಂಬಿದ. ಯಾರು ಯಾವ ಕೆಲಸ ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಅಂದಿನಿಂದ ಸುಣ್ಣ ದೇವರಾಜುವಿನದು, ಗಾಳಿ ಪುಟ್ಟರಾಜುವಿನದು ಎಂದಾಯಿತು.

ಒಂದು ವಾರ ಮುಂದಕ್ಕೆ, ಮರುವಾರ ಹಿಂದಕ್ಕೆ. ಹಿಂದಕ್ಕೆ ನೂಕಬೇಕಾದಾಗ ಇಬ್ಬರೂ ಕಾರಿನ ಮುಂಭಾಗಕ್ಕೆ ಕೈ ಕೊಡಬೇಕಿತ್ತು. ಆಗ ಗಾಜಿನ ಆಚೆ ಬೈರಯ್ಯನ ಮುಖ ಅವರ ಎದುರಿಗೇ ಇರುತ್ತಿತ್ತು. ಕೆಲವು ವಾರ ಕಳೆದ ಮೇಲೆ ಬೈರಯ್ಯನ ಸಂಕೋಚ ಕಡಿಮೆಯಾಯಿತು. ಮೊಣಕೈಯನ್ನು ಕಿಟಕಿಯ ಮೇಲಿಟ್ಟುಕೊಂಡು, "ಇನ್ನೊಂದ್ಚೂರು... ಆಂ, ಸಾಕು ಸಾಕು" ಎಂದು ಲಾರಿ ಕ್ಲೀನರನಿಗೆ ಹೇಳುವ ಹಾಗೆ ಹೇಳತೊಡಗಿದ. ಮಾಯಮ್ಮ ಇದನ್ನು ಕೇಳಿಸಿಕೊಂಡು ಮನೆಯಲ್ಲಿ ಅವನನ್ನು ಆಡಿಕೊಂಡಳಂತೆ.

ಅಣ್ಣತಮ್ಮಂದಿರು ಬೈರಯ್ಯನ ಮೂಲಕವೇ ಮಾತಾಡುತ್ತಿದ್ದರು. ಕೈಯಳತೆಯ ದೂರದಲ್ಲಿ ನಿಂತು ದೇವರಾಜು, "ಬೈರಯ್ಯ, ಹಿಂದ್ಲ ಎಡಗಡೆ ಗಾಲೀಲಿ ಗಾಳಿ ಕಮ್ಮಿ ಅದೆ ಅಂತ ಯೋಳು" ಎನ್ನುತ್ತಿದ್ದ. ಬೈರಯ್ಯ ಅದನ್ನು ಮತ್ತೆ ಹೇಳಬೇಕು. ಪುಟ್ಟರಾಜು, "ಓದ್ವಾರ ತುಂಬಿದ್ದೆ, ಮುಳ್ಳು ಗಿಳ್ಳು ಚುಚ್ಚಿರ್ಬೇಕು ಅಂತ ಯೋಳು ಬೈರಯ್ಯ" ಎನ್ನುತ್ತಿದ್ದ. ಅದನ್ನೂ ಅವನು ಹೇಳಬೇಕು. ಒಂದು ಭಾನುವಾರ ಬೈರಯ್ಯ ಕಾರಿನಿಂದ ಇಳಿದು ಬಾಗಿಲು ಹಾಕಿದ.

"ನಾನು ಸ್ಟೇರಿಂಗು ಇಡಿಯಕ್ಕೆ ಬತ್ತಾ ಇರೋದು ಗೌಡ್ರೆ, ಪೋಸ್ಟಾಪೀಸು ನಡ್ಸಕ್ಕಲ್ಲ" ಎಂದ.

ಪುಟ್ಟರಾಜುವಿನ ತುಟಿಯ ಕೊನೆಯಲ್ಲಿ ನಗು ಬಂದದ್ದನ್ನು ದೇವರಾಜು ನೋಡಿದ. ತನಗೂ ಬರುತ್ತಿದ್ದ ನಗುವನ್ನು ಕೆಮ್ಮಿ ಮರೆಮಾಡಿದ.

ಈ ನಡುವೆ ಇನ್ನೊಂದು ಶುರುವಾಗಿತ್ತು. ಪುಟ್ಟರಾಜುವಿನ ಹೆಂಡತಿ ರೇವಮ್ಮ ಒಂದು ಭಾನುವಾರ ಗಂಡನಿಗೆಂದು ಕೊಟ್ಟಿಗೆಗೆ ಕಾಫಿ ತಂದಳು. ಒಬ್ಬನಿಗೇ ಕೊಟ್ಟು ಭಾವನವರ ಮುಂದೆ ಕುಡಿಸುವುದು ಚೆನ್ನಾಗಿರದು ಎಂದು ಮೂರು ಲೋಟ ತಂದಿದ್ದಳು. ದೇವರಾಜು ಬೇಡ ಎನ್ನಲಾರದೆ ಕುಡಿದ. ಇದು ದೇವರಾಜುವಿನ ಹೆಂಡತಿ ಕಾಮಾಕ್ಷಮ್ಮನಿಗೆ ತಿಳಿದು, ಮುಂದಿನ ವಾರ ಅವಳು ಅಕ್ಕಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ ಕಳಿಸಿದಳು. ಅದರ ಮುಂದಿನ ವಾರ ರೇವಮ್ಮ ನುಚ್ಚಿನುಂಡೆ ಮಾಡಿದಳು. ಹೀಗೆ ಒಂದು ವಾರ ಆ ಮನೆಯದು, ಒಂದು ವಾರ ಈ ಮನೆಯದು. ಕಾರಿನ ಮುಂಭಾಗದ ಮೇಲೆ ಬಾಳೆಲೆ ಹಾಸಿ ಮೂವರೂ ನಿಂತುಕೊಂಡೇ ತಿನ್ನುತ್ತಿದ್ದರು. ವಾರಗಿತ್ತಿಯರಿಬ್ಬರಿಗೂ ಪಾಲಾದ ಮೇಲೆ ಒಬ್ಬರನ್ನೊಬ್ಬರು ಕಂಡು ಮಾತಾಡಲು ಕಾರಣವೇ ಇರಲಿಲ್ಲ. ಈಗ ಪಾತ್ರೆ ಹಿಂದಿರುಗಿಸುವ ನೆಪ ಸಿಕ್ಕಿತು. ಪಾತ್ರೆ ಕೊಡಲು ಹೋದವಳು ಒಲೆ ಆರುವವರೆಗೂ ಬರುತ್ತಿರಲಿಲ್ಲ.

ಮುಂಗಾರಿನ ಹೊತ್ತಿಗೆ ಒಂದು ಭಾನುವಾರ ಬೈರಯ್ಯ ಬರಲಿಲ್ಲ. ಲಾರಿ ಸಕಲೇಶಪುರದ ಕಡೆ ಹೋಗಿದೆ, ಇನ್ನೂ ಹಿಂದಿರುಗಿಲ್ಲ ಎಂದು ಮಾಯಮ್ಮ ಬಂದು ಹೇಳಿ ಹೋದಳು. ಅಣ್ಣತಮ್ಮಂದಿರು ಕಾರಿನ ಆ ಕಡೆ ಒಬ್ಬ, ಈ ಕಡೆ ಒಬ್ಬ ನಿಂತರು. ಬೆಟ್ಟಮ್ಮ ಬೀಗದಕೈಯನ್ನು ಬಾನೆಟ್ಟಿನ ಮೇಲಿಟ್ಟು ಸುಮ್ಮನೆ ಹಿತ್ತಲ ಕಡೆ ಹೋದಳು.

ಕೊನೆಗೆ ದೇವರಾಜು ನೆಲ ನೋಡುತ್ತ, "ಬಾಗ್ಲು ತೆಗ್ದು ಒಂದು ಕೈ ಸ್ಟೇರಿಂಗಿಗೆ ಕೊಡು. ನಾನು ಹಿಂದ್ಲಿಂದ ನೂಕ್ತೀನಿ" ಎಂದ. ಯಾರಿಗೆ ಹೇಳಿದ್ದು ಎಂಬುದರಲ್ಲಿ ಅನುಮಾನವಿರಲಿಲ್ಲ. ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಒಬ್ರೇ ನೂಕಕ್ಕಾಗ್ತದಾ?"

"ಆಯ್ತದೆ."

ಆಗಲಿಲ್ಲ. ದೇವರಾಜು ಭುಜ ಕೊಟ್ಟು ಮುಕ್ಕಿರಿದ. ಪುಟ್ಟರಾಜು ಕಾರಿನ ಬಾಗಿಲ ಕಂಬಕ್ಕೆ ಭುಜ ಕೊಟ್ಟು, ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ನೂಕಿದ. ಕಾರು ನಿಧಾನವಾಗಿ ಹೊರಳಿತು. ಹೊರಳಿದ್ದು ನಿಲ್ಲಲಿಲ್ಲ. ಮಳೆಗೆ ಅಂಗಳ ಜಾರುತ್ತಿತ್ತು. ಕೊಟ್ಟಿಗೆಯ ಹೊಸ್ತಿಲು ದಾಟಿ, ಇಳಿಜಾರಿನಲ್ಲಿ ತಿಪ್ಪೆಯ ಕಡೆ ಹೊರಟೇಬಿಟ್ಟಿತು.

"ಬ್ರೇಕು! ಪುಟ್ಟಾ, ಬ್ರೇಕು ಎಳ್ಯಲಾ!" ಎಂದು ದೇವರಾಜು ಹಿಂದಿನಿಂದ ಬಂಪರನ್ನು ಹಿಡಿದು ಎಳೆಯುತ್ತ ಕೂಗಿದ. ಪುಟ್ಟರಾಜು ಒಳಕ್ಕೆ ಹಾರಿ ಬ್ರೇಕ್ ತುಳಿದ. ಕಾರು ತಿಪ್ಪೆಯ ಅಂಚಿಗೆ ಮೂಗು ತಾಗಿಸಿ ನಿಂತಿತು. ದೇವರಾಜು ಕೆಸರಿನಲ್ಲಿ ಕುಕ್ಕರಿಸಿಬಿಟ್ಟಿದ್ದ. ಪಂಚೆಯೆಲ್ಲ ಕೆಸರು.

ಪುಟ್ಟರಾಜು ಓಡಿಬಂದು ಕೈ ಕೊಟ್ಟು ಎಬ್ಬಿಸಿದ. "ಪೆಟ್ಟಾಯ್ತಾ ಅಣ್ಣ?"

ಅಪ್ಪ ಸತ್ತ ದಿನದಿಂದ ಆ ಬಾಯಿಂದ 'ಅಣ್ಣ' ಎಂಬ ಮಾತು ಬಂದಿರಲಿಲ್ಲ. ದೇವರಾಜು ಪಂಚೆ ಕೊಡವಿಕೊಂಡು, "ಇಲ್ಲ ಬುಡು" ಎಂದ. ಇಬ್ಬರೂ ಕಾರಿನ ಹಿಂದಿನ ಬಾಗಿಲು ತೆಗೆದು ಅದರಂಚಿನಲ್ಲಿ ಕೂತರು. ಸೋನೆ ಹನಿಯುತ್ತಿತ್ತು. ದೇವರಾಜು ಆ ಕಾರಿನಲ್ಲಿ ಕೂರುವುದಿಲ್ಲ ಎಂದಿದ್ದನ್ನು ಇಬ್ಬರೂ ಮರೆತಿದ್ದರು.

"ಒಂದು ಕೇಳ್ತೀನಿ" ಎಂದ ದೇವರಾಜು. "ಅವತ್ತು ಒಳೆನರ್ಸೀಪುರಕ್ಕೆ ಯಾಕೋಗಿದ್ದೆ?"

ಪುಟ್ಟರಾಜು ಕೈಗೆ ಹತ್ತಿದ ಕೆಸರನ್ನು ಪಂಚೆಗೆ ಒರೆಸಿಕೊಂಡ.

"ಅಪ್ಪನೇ ಕಳ್ಸಿದ್ದ" ಎಂದ. "ಹಿಂದ್ಲ ದಿನದಿಂದ್ಲೇ ಎದೇಲಿ ನೋವು ಅಂದಿದ್ದ, ನನ್ನೊಬ್ಬನ್ಕುಟ್ಟೆ. ಒಳೆನರ್ಸೀಪುರದಾಗೆ ನಾಟಿ ಔಸ್ದಿ ಕೊಡೋ ಒಬ್ರು ಪಂಡಿತ್ರು ಅವ್ರೆ, ಅವ್ರ ಕರ್ಕಂಬಾ ಅಂದ. ಓದೆ. ಅವ್ರು ಯಾವ್ದೋ ಅಳ್ಳಿಗೆ ಓಗಿದ್ರು. ಕಾದೆ, ಕಾದೆ. ಸಂದ್ಯಾದ್ರೂ ಬರ್ನಿಲ್ಲ. ಬರೀ ಕೈಲಿ ಬಂದೆ."

"ನಂಗ್ಯಾಕೆ ಯೋಳ್ನಿಲ್ಲ ಅಪ್ಪ?"

"ದೇವರಾಜುಗೆ ಯೋಳ್ಬ್ಯಾಡ ಅಂದ. ಅವ್ನಿಗೆ ಗೊತ್ತಾದ್ರೆ ನನ್ನ ಎತ್ತಾಕ್ಕೊಂಡು ಓಗಿ ಆಸನದ ಆಸ್ಪತ್ರೆಗೆ ಸೇರಿಸ್ಬುಡ್ತಾನೆ ಅಂದ. ಸೂಜಿ ಕಂಡ್ರೆ ಅಪ್ಪನ್ಗೆ ಎಷ್ಟು ಭಯ ಅಂತ ನಿಂಗೊತ್ತಲ್ಲ."

ದೇವರಾಜು ತಮ್ಮನ ಮುಖ ನೋಡಿದ. ಅಣ್ಣನ ಕಣ್ಣು ತುಂಬಿತ್ತು, ಬಾಯಲ್ಲಿ ನಗು ಬರುತ್ತಿತ್ತು. ಎರಡನ್ನೂ ತಡೆಯಲಾಗದೆ ಅವನು ಟವಲ್ಲಿನಿಂದ ಮುಖ ಒರೆಸಿಕೊಂಡ.

"ಸೇರಿಸ್ಬುಡ್ತಿದ್ದೆ ಕಣ್ಲಾ" ಎಂದ. "ದಿಟ. ಕೈಕಾಲು ಕಟ್ಟಾರ ಸೇರಿಸ್ಬುಡ್ತಿದ್ದೆ."

"ಅದ್ಕೇ ಯೋಳ್ನಿಲ್ಲ."

"ನೀನಾರ ಅವತ್ತು ಬಾಯ್ಬುಟ್ಟು ಯೋಳ್ಬಾರ್ದಾಗಿತ್ತಾ? ಅಷ್ಟು ಜನ್ರ ಮುಂದೆ ನಾನು ಅಂಗಂದಾಗ?"

"ಅಪ್ಪ ಅಲ್ಲಿ ಮಲ್ಗಿದ್ದ" ಎಂದ ಪುಟ್ಟರಾಜು. "ಅವ್ನ ಮುಂದೆ ಅವ್ನ ಮೇಲೇ ತಪ್ಪು ಎತ್ತಾಕ್ಲಾ?"

ದೇವರಾಜು ತಮ್ಮನ ತೊಡೆಯ ಮೇಲೆ ಒಂದು ಸಲ ಕೈಯಿಟ್ಟು ತೆಗೆದ. ಮಳೆ ಜೋರಾಯಿತು. ಇಬ್ಬರೂ ಎದ್ದು, ರೇವಮ್ಮ ಕಾಮಾಕ್ಷಮ್ಮರನ್ನೂ ಕೂಗಿ ಕರೆದು, ನಾಲ್ಕೂ ಜನ ಸೇರಿ ಕಾರನ್ನು ಇಳಿಜಾರಿನಿಂದ ಕೊಟ್ಟಿಗೆಗೆ ಏರಿಸಿದರು. ಆ ದಿನ ಗಾಲಿಗಳು ಎಷ್ಟು ಸುತ್ತು ತಿರುಗಿದವೋ, ಸುಣ್ಣದ ಗೀಟೆಲ್ಲ ಕೆಸರಿಗೆ ಅಳಿಸಿಹೋಗಿತ್ತು.

ಊರಿನವರಿಗೆ ಅಂಥ ಬದಲಾವಣೆ ಏನೂ ಕಾಣಿಸಲಿಲ್ಲ. ಮನೆಗಳು ಬೇರೆಯಾಗಿಯೇ ಇದ್ದವು, ಒಲೆಗಳೂ ಬೇರೆ. ಆದರೆ ಭಾನುವಾರದ ನೂಕಾಟ ಹೊತ್ತು ಏರುವವರೆಗೂ ನಡೆಯತೊಡಗಿತು. ಗಾಲಿ ತಿರುಗಿಸಿ ಆದ ಮೇಲೆ ಗಾಜು ಒರೆಸುವುದು, ಸೀಟಿನ ಧೂಳು ಕೊಡವುವುದು, ಇಂಜಿನ್ ಮುಚ್ಚಳ ತೆಗೆದು ಇಲಿ ಸೇರಿದೆಯೇ ಎಂದು ನೋಡುವುದು. ಹಿಂದಿರುಗಿ ಬಂದ ಬೈರಯ್ಯನಿಗೆ ಈಗ ಹೇಳಿ ಕಳಿಸುವ ಮಾತುಗಳೇ ಇರಲಿಲ್ಲ. ಅವನು ಸೀಟಿನಲ್ಲಿ ಕೂತು, ಆಲೂಗಡ್ಡೆ ಬಿತ್ತನೆಯ ಬಗ್ಗೆ, ಕೊಬ್ಬರಿ ಬೆಲೆಯ ಬಗ್ಗೆ ಅವರಿಬ್ಬರೂ ಆಡುವ ಮಾತು ಕೇಳುತ್ತ, ಎಷ್ಟೋ ಸಲ ಬ್ರೇಕ್ ಬಿಡುವುದನ್ನೇ ಮರೆಯುತ್ತಿದ್ದ.

ನವರಾತ್ರಿಗೆ ಸ್ವಲ್ಪ ಮೊದಲು ಅರಕಲಗೂಡಿನ ಮಾವ ಬಂದ. ಗಾಡಿಯಲ್ಲಿ ಹಲಸಿನ ಮರದ ನಾಲ್ಕು ದಪ್ಪ ದಿಮ್ಮಿಗಳಿದ್ದವು. ಅವನು ಬಹಳ ಸಂತೋಷದಲ್ಲಿದ್ದ.

"ನಿಮ್ಮ ಕಷ್ಟ ಮುಗೀತು ಕಣ್ರಪ್ಪ" ಎಂದ. "ಆಸನದಾಗೆ ಒಬ್ಬ ಮೆಕ್ಯಾನಿಕ್ಕು ಯೋಳ್ದ. ಕಾರ್ನ ಜಾಕಿ ಕೊಟ್ಟು ಎತ್ತಿ, ಕೆಳಕ್ಕೆ ಈ ದಿಮ್ಮಿ ಕೊಟ್ರೆ ಗಾಲಿ ನೆಲಕ್ಕೇ ತಾಗಕಿಲ್ಲ. ಟೈರು ವರ್ಸ ನಿಂತ್ರೂ ಗುಂಡಗೇ ಇರ್ತವೆ. ಇನ್ನು ನೀವು ವಾರ್ವಾರ ಮುಖ ನೋಡೋ ಕರ್ಮ ಇಲ್ಲ."

ದೇವರಾಜು ಒಂದು ದಿಮ್ಮಿಯನ್ನು ಕಾಲಿನಿಂದ ಹೊರಳಿಸಿ ನೋಡಿದ.

"ಹಲಸಿನ ಮರ. ಗೆದ್ದಲು ಹತ್ತದಾ ಮಾವ?"

"ಹಲ್ಸಿಗೆ ಎಲ್ಲಿ ಗೆದ್ದಲು ಹತ್ತದೋ?"

"ಕೊಟ್ಗೆ ನೆಲ ಮೆತ್ತಗದೆ" ಎಂದ ಪುಟ್ಟರಾಜು. "ಒಂದು ದಿಮ್ಮಿ ಇಳ್ದು ಕಾರು ವಾಲ್ಕಂಡ್ರೆ? ಐಕ್ಳು ಆಡೋ ಜಾಗ ಮಾವ."

"ಹೌದು" ಎಂದ ದೇವರಾಜು. "ಗಾಲಿ ನೇತಾಡ್ತಾ ಇದ್ರೆ ಸ್ಪ್ರಿಂಗು ಸಡ್ಲ ಆಯ್ತದೆ ಅಂತ ಇವ್ನು ಯೋಳ್ತಿದ್ದ."

ಪುಟ್ಟರಾಜು ಹಾಗೆಂದೂ ಹೇಳಿರಲಿಲ್ಲ. ಆದರೂ ಗಂಭೀರವಾಗಿ ತಲೆಯಾಡಿಸಿದ. "ದಿಟ ಮಾವ. ಸಡ್ಲ ಆಯ್ತದೆ."

ಮಾವ ಅವನ ಮುಖ ಇವನ ಮುಖ ನೋಡಿದ. ಪಾಲಿನ ದಿನ ಒಬ್ಬನ ಮಾತಿಗೆ ಇನ್ನೊಬ್ಬ ಹೂಂ ಎಂದಿರಲಿಲ್ಲ. ಈಗ ಇಬ್ಬರೂ ಸೇರಿ ತನ್ನ ಮೇಲೆ ಬಿದ್ದಿದ್ದಾರೆ. ಕಷ್ಟಪಟ್ಟು ಅಷ್ಟು ದೂರದಿಂದ ದಿಮ್ಮಿ ಹೊತ್ತು ತಂದದ್ದು ವ್ಯರ್ಥವಾಯಿತೆಂದು ಅವನಿಗೆ ಸಿಟ್ಟು ಬಂತು. "ಏನಾರ ಮಾಡ್ಕಳಿ. ನೂಕ್ಕಂಡು ಸಾಯ್ರಿ" ಎಂದು ಜಗಲಿಗೆ ಹೋದ. ಅಲ್ಲಿ ಬೆಟ್ಟಮ್ಮ ಅವನಿಗೆ ಮಜ್ಜಿಗೆ ಕೊಟ್ಟು, ಪಕ್ಕದಲ್ಲಿ ಕೂತು, ಸದ್ದಿಲ್ಲದೆ ಭುಜ ಕುಲುಕಿಸಿ ನಕ್ಕಳು. ಅವಳು ನಗುತ್ತಿರುವುದನ್ನು ಕಂಡ ಮೇಲೆ ಮಾವನಿಗೂ ಅರ್ಥವಾಯಿತು. ಮಜ್ಜಿಗೆ ನೆತ್ತಿಗೆ ಹತ್ತುವಷ್ಟು ನಕ್ಕ. ಹೊರಡುವಾಗ ದಿಮ್ಮಿಗಳನ್ನು ಗಾಡಿಗೆ ಮತ್ತೆ ಹೇರಿಸಿಕೊಂಡು, ಮನೆಗೆ ಹೊಸ ಮಂಚ ಮಾಡಿಸುತ್ತೇನೆ ಎಂದ.

ಕಾರ್ತೀಕದಲ್ಲಿ ಚಿಕ್ಕಯ್ಯನ ವರ್ಷದ ತಿಥಿಯಾಯಿತು. ಮಾರನೆಯ ದಿನ ಮಾವ ಕಾರಿನ ಮಾತು ತೆಗೆದ. ಮಾರುವುದಾದರೆ ಹಾಸನದಲ್ಲಿ ಕೊಳ್ಳುವವರು ಇದ್ದಾರೆ ಎಂದ. ದೇವರಾಜು ತಮ್ಮನ ಕಡೆ ನೋಡಿದ. ಪುಟ್ಟರಾಜು ಅಣ್ಣನ ಕಡೆ ನೋಡಿದ.

"ಅವ್ವನ ಕಣ್ಣು ಆಸನದ ಆಸ್ಪತ್ರೇಲಿ ತೋರುಸ್ಬೇಕು ಮಾವ" ಎಂದ ದೇವರಾಜು. "ಎರ್ಡು ಕಣ್ಣಿಗೂ ಪೊರೆ ಬಂದದೆ. ನೆನ್ನೆ ಎಡೆ ಬಡ್ಸುವಾಗ ಪಾಯ್ಸಕ್ಕೆ ಸಾರು ಬುಟ್ಲು. ಬಸ್ನಾಗೆ ಕರ್ಕೊಂಡೋಗೋದು ಕಷ್ಟ. ಕಾರ್ನ ಈಗೇ ಮಾರೋದ್ಬ್ಯಾಡ."

"ಅಂಗಾದ್ರೆ ಯಾರ್ದು ಅದು? ಅದನ್ನಾರ ಯೋಳಿ."

"ಅವ್ವಂದು" ಎಂದ ಪುಟ್ಟರಾಜು. ಅಲ್ಲಿಗೆ ಪಂಚಾಯಿತಿ ಮುಗಿಯಿತು.

ಬ್ಯಾಟರಿ ಸತ್ತಿತ್ತು. ಬೈರಯ್ಯ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಿದ. ಎಷ್ಟೋ ಸಲ ಕೆಮ್ಮಿ, ನೀಲಿ ಹೊಗೆ ಕಾರಿ, ಕೊನೆಗೆ ಇಂಜಿನ್ ಹತ್ತಿತು. ಊರಿನ ಮಕ್ಕಳೆಲ್ಲ ಹೋ ಎಂದು ಕೂಗಿದರು. ಪುಟ್ಟರಾಜು ಸ್ಟೇರಿಂಗ್ ಹಿಡಿದ, ದೇವರಾಜು ಪಕ್ಕದಲ್ಲಿ ಕೂತ, ಬೆಟ್ಟಮ್ಮ ಇಬ್ಬರು ಸೊಸೆಯಂದಿರ ನಡುವೆ ಹಿಂದೆ. ಚನ್ನರಾಯಪಟ್ಟಣ ದಾಟಿ ಡಾಂಬರು ರಸ್ತೆಗೆ ಬಿದ್ದ ಮೇಲೆ ಪುಟ್ಟರಾಜು ಸ್ವಲ್ಪ ಜೋರಾಗಿ ಬಿಟ್ಟ. ದೇವರಾಜು ಕಿಟಕಿಯಿಂದ ತಲೆ ಹೊರಗೆ ಹಾಕಿ ಚಕ್ರದ ಸದ್ದು ಕೇಳಿದ. ಎಣ್ಣೆ ಹಾಕಿದ ಹಾಗೆ ಒಂದೇ ಸಮನೆ ಸುಯ್ ಎನ್ನುತ್ತಿತ್ತು. ಎಲ್ಲಿಯೂ ಒಂದು ಕುಲುಕಾಟವಿಲ್ಲ.

"ಎಂಗಣ್ಣ?"

"ಬೆಣ್ಣೆ ಕಣ್ಲಾ" ಎಂದ ದೇವರಾಜು. ತಾನೇ ಮಾಡಿದ ಗಾಲಿಗಳೇನೋ ಎಂಬಷ್ಟು ಹೆಮ್ಮೆ ಅವನ ಮುಖದಲ್ಲಿತ್ತು.

ಹಾಸನದ ಆಸ್ಪತ್ರೆಯಲ್ಲಿ ಬೆಟ್ಟಮ್ಮನ ಒಂದು ಕಣ್ಣಿನ ಪೊರೆ ತೆಗೆದರು. ಇನ್ನೊಂದನ್ನು ಬೇಸಿಗೆಯ ಹೊತ್ತಿಗೆ ತೆಗೆಯುತ್ತೇವೆ ಎಂದರು. ಅಲ್ಲಿದ್ದಷ್ಟು ದಿನವೂ ಒಂದು ದಿನ ಕಾಮಾಕ್ಷಮ್ಮ, ಒಂದು ದಿನ ರೇವಮ್ಮ ಜೊತೆಗಿದ್ದರು. ಡಾಕ್ಟರು ಕಳಿಸಿಕೊಟ್ಟ ದಿನ ಅಣ್ಣತಮ್ಮಂದಿರಿಬ್ಬರೂ ಕಾರು ತಂದು, ಸೀಟಿಗೆ ದಿಂಬು ಹಾಕಿ, ತಾಯಿಯನ್ನು ಒರಗಿಸಿ ಕೂರಿಸಿದರು. ತೆಗೆದ ಕಣ್ಣಿಗೆ ಪಟ್ಟಿ ಕಟ್ಟಿತ್ತು, ಇನ್ನೊಂದರಲ್ಲಿ ಮಂಜು. ಅವಳಿಗೆ ಬೆಳಕಿನ ಹೊರತು ಏನೂ ಕಾಣುತ್ತಿರಲಿಲ್ಲ.

"ಈಗ ಎಲ್ಲಿದ್ದೀವಿ?" ಎಂದು ಸ್ವಲ್ಪ ಹೊತ್ತಿಗೆ ಕೇಳಿದಳು.

"ಶಾಂತಿಗ್ರಾಮ ದಾಟ್ತಾ ಇದ್ದೀವಿ ಕಣವ್ವ" ಎಂದ ಪುಟ್ಟರಾಜು. "ಎಡಗಡೆ ಯಾರೋ ರಾಗಿ ಕುಯ್ತಾವ್ರೆ. ಒಳ್ಳೆ ಪೈರು."

"ಎಲ್ಲಿ ಒಳ್ಳೇದು?" ಎಂದ ದೇವರಾಜು. "ತೆನೆ ಸಣ್ಣಕವೆ. ನಮ್ದೇ ವಾಸಿ."

"ನಿಮ್ದು ಅನ್ನು. ನಮ್ದು ಇದಕ್ಕಿಂತ ಸಣ್ಣದು."

"ಬೀಜ ನನ್ನತ್ರ ಇಸ್ಕಬೇಕಾಗಿತ್ತು. ಕೇಳ್ದಾ ನೀನು?"

"ಮುಂದ್ಲ ವರ್ಸ ಕೇಳ್ತೀನಿ ಬುಡಣ್ಣ."

"ಆಮ್ಯಾಲೆ?" ಎಂದಳು ಬೆಟ್ಟಮ್ಮ. ಹೊಲದ ಮಾತಿಗಿಂತ ರಸ್ತೆಯ ಮಾತು ಅವಳಿಗೆ ಬೇಕಾಗಿತ್ತು.

ಎತ್ತಿನ ಗಾಡಿಗಳ ಸಾಲು ಬರುತ್ತಿದೆ ಎಂದು ದೇವರಾಜು ಹೇಳಿದ. ಅದರಲ್ಲಿ ಒಂದು ಎತ್ತಿನ ಕೋಡಿಗೆ ಕೆಂಪು ಬಣ್ಣ ಬಳಿದಿದ್ದಾರೆ ಎಂದು ಪುಟ್ಟರಾಜು ಸೇರಿಸಿದ. ಒಂದು ಹೆಂಗಸು ಮೇಕೆ ಹೊಡೆದುಕೊಂಡು ಹೋಗುತ್ತಿದ್ದಾಳೆ, ಮೇಕೆ ಮಾತು ಕೇಳುತ್ತಿಲ್ಲ. ಚನ್ನರಾಯಪಟ್ಟಣದ ಕೆರೆ ತುಂಬಿದೆ, ಏರಿಯ ಮೇಲೆ ಬಟ್ಟೆ ಒಣಹಾಕಿದ್ದಾರೆ, ಬಿಳಿಯದೇ ಹೆಚ್ಚು. ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಹೇಳುತ್ತ, ಒಬ್ಬ ಹೇಳಿದ್ದನ್ನು ಇನ್ನೊಬ್ಬ ತಿದ್ದುತ್ತ, ಅಣ್ಣತಮ್ಮಂದಿರು ಊರು ಬರುವವರೆಗೂ ಬಾಯಿ ಮುಚ್ಚಲಿಲ್ಲ. ಬೆಟ್ಟಮ್ಮ ದಿಂಬಿಗೆ ತಲೆಯಾನಿಸಿ, ಹೂಂ, ಹೂಂ ಎನ್ನುತ್ತ ಕೇಳಿಸಿಕೊಂಡಳು.